ಗೇರ್‌ಬಾಕ್ಸ್ ಬಿಸಿಯಾಗ್ತಿದೆಯಾ? ಮೊದಲು ಮೀಟರ್, ಆಮೇಲೆ ಕೂಲರ್

ಈ ಸಲ ಬಂದ ಪತ್ರಗಳಲ್ಲಿ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಬಿಸಿಯಾಗುವುದರ ಬಗ್ಗೆಯೇ ಜಾಸ್ತಿ ಪ್ರಶ್ನೆಗಳಿವೆ. ಮೊದಲನೇ ಪತ್ರಕ್ಕೆ ಉದ್ದನೆಯ ಉತ್ತರ ಕೊಟ್ಟಿದ್ದೇನೆ. ಉಳಿದವರ ಅನುಮಾನ ಅರ್ಧ ಅದರಲ್ಲೇ ತೀರುತ್ತದೆ.

ಪ್ರಶ್ನೆ: ನಮ್ಮದು ಡಬಲ್ ಕ್ಯಾಬ್ ಡೀಸೆಲ್ ಪಿಕಪ್. ಫೋರ್ ವೀಲ್ ಡ್ರೈವ್, 6 ಗೇರಿನ ಆಟೋಮ್ಯಾಟಿಕ್. ವಾರವೆಲ್ಲ ತೋಟದ ಕೆಲಸಕ್ಕೆ ಓಡುತ್ತೆ, ಭಾನುವಾರ ಗೆಳೆಯರ ಜೊತೆ ಗುಡಿಬಂಡೆ, ಬಾಗೇಪಲ್ಲಿ ಕಡೆ ಕಲ್ಲುದಾರಿಗಳಿಗೆ ಹೋಗ್ತೀವಿ. ಟೈರ್ ಸ್ವಲ್ಪ ದೊಡ್ಡದು ಹಾಕಿಸಿದ್ದೇನೆ. ಹೋದ ತಿಂಗಳು ಒಣಗಿದ ಕೆರೆ ಅಂಗಳದ ಮರಳಲ್ಲಿ ಸಿಕ್ಕಿಕೊಂಡು ಒದ್ದಾಡುವಾಗ ಗೇರ್‌ಬಾಕ್ಸ್ ಎಣ್ಣೆ ಬಿಸಿಯಾಗಿದೆ ಅಂತ ಲೈಟ್ ಬಂತು. ಎಂಜಿನ್ ಟೆಂಪರೇಚರ್ ಮುಳ್ಳು ಮಾತ್ರ ನಡುವಲ್ಲೇ ಇತ್ತು. ಆ ಎಣ್ಣೆ ತಣ್ಣಗೆ ಮಾಡುವ ಕೂಲರ್ ಹಾಕಿಸು ಅಂತ ಒಬ್ಬರು, ಅದರ ಬಿಸಿ ತೋರಿಸುವ ಮೀಟರ್ ಇದ್ದರೆ ಸಾಕು ಅಂತ ಇನ್ನೊಬ್ಬರು. ಏನು ಮಾಡಲಿ? ಇದು ನಮ್ಮೂರ ಗ್ಯಾರೇಜಿನಲ್ಲೇ ಆಗುವ ಕೆಲಸವಾ?
ಓದುಗರು, ಚಿಕ್ಕಬಳ್ಳಾಪುರ

ಉತ್ತರ: ನೀವು ಓಡಿಸುವ ರೀತಿಗೆ ಎರಡೂ ಬೇಕಾಗಬಹುದು. ಆದರೆ ಮೊದಲು ಮೀಟರ್ ಹಾಕಿಸಿ. ಎಷ್ಟು ಬಿಸಿ, ಯಾವ ಹೊತ್ತಲ್ಲಿ ಬಿಸಿ ಅನ್ನೋದು ಗೊತ್ತಿಲ್ಲದೆ ಕೂಲರ್ ಹಾಕಿಸಿದರೆ, ಅದು ಕೆಲಸ ಮಾಡುತ್ತಿದೆಯಾ ಇಲ್ಲವಾ ಅಂತ ತಿಳಿಯೋಕೆ ದಾರಿಯೇ ಇರಲ್ಲ. ಅಂದಾಜಿನ ಮೇಲೆ ದುಡ್ಡು ಸುರಿಯಬೇಡಿ.

ಎಂಜಿನ್ ಮುಳ್ಳು ನಡುವಲ್ಲಿದ್ದರೂ ಗೇರ್‌ಬಾಕ್ಸ್ ಯಾಕೆ ಕಾದಿತು ಅಂತ ನೀವು ಗಮನಿಸಿದ್ದೀರಲ್ಲ, ಅದೇ ಮುಖ್ಯ ವಿಷಯ. ಆಟೋಮ್ಯಾಟಿಕ್‌ನಲ್ಲಿ ಎಂಜಿನ್‌ಗೂ ಗೇರ್‌ಗೂ ನಡುವೆ ಕ್ಲಚ್ ಬದಲು ಟಾರ್ಕ್ ಕನ್ವರ್ಟರ್ ಇರುತ್ತದೆ. ಎದುರುಬದುರು ಇಟ್ಟ ಎರಡು ಫ್ಯಾನ್‌ಗಳಲ್ಲಿ ಒಂದನ್ನು ಹಾಕಿದರೆ ಅದರ ಗಾಳಿಗೆ ಇನ್ನೊಂದು ತಿರುಗುತ್ತದಲ್ಲ, ಹಾಗೆ. ಇಲ್ಲಿ ಗಾಳಿಯ ಜಾಗದಲ್ಲಿ ಎಣ್ಣೆ. ಒಂದು ಜೋರಾಗಿ ತಿರುಗುತ್ತಾ ಇನ್ನೊಂದು ನಿಂತೇ ಇದ್ದರೆ, ಎಂಜಿನ್ ಕೊಟ್ಟ ಶಕ್ತಿಯೆಲ್ಲ ಎಣ್ಣೆಯಲ್ಲಿ ಬಿಸಿಯಾಗಿ ಉಳಿದುಬಿಡುತ್ತದೆ. ಮರಳಲ್ಲಿ ಸಿಕ್ಕಿಕೊಂಡು ಆಕ್ಸಿಲರೇಟರ್ ತುಳಿದಾಗ ಆಗಿದ್ದು ಇದೇ. ಹೆದ್ದಾರಿ 44ರಲ್ಲಿ ಬಾಗೇಪಲ್ಲಿ ಕಡೆಗೆ ಹೋಗುವಾಗ ಕನ್ವರ್ಟರ್ ಒಳಗಿನ ಲಾಕ್-ಅಪ್ ಕ್ಲಚ್ ಕೂತು ಎರಡೂ ಒಟ್ಟಿಗೆ ತಿರುಗುತ್ತವೆ, ಜಾರುವಿಕೆ ಇರಲ್ಲ, ಬಿಸಿಯೂ ಕಡಿಮೆ. ನಿಧಾನಕ್ಕೆ ಬಂಡೆ ಹತ್ತುವಾಗ ಸಾಮಾನ್ಯವಾಗಿ ಆ ಲಾಕ್-ಅಪ್ ಕೂರುವುದಿಲ್ಲ. ಅದರ ಮೇಲೆ ದೊಡ್ಡ ಟೈರ್ ಬೇರೆ. ಟೈರ್ ದೊಡ್ಡದಾದಷ್ಟೂ ಅದೇ ಗೇರಿನಲ್ಲಿ ಚಕ್ರ ತಿರುಗಿಸೋಕೆ ಜಾಸ್ತಿ ಬಲ ಬೇಕು, ಕನ್ವರ್ಟರ್ ಜಾಸ್ತಿ ಜಾರುತ್ತದೆ.

ಕಂಪನಿಯಿಂದ ಬಂದ ಕೂಲರ್ ಇಲ್ಲವೇ ಇಲ್ಲ ಅಂದ್ಕೋಬೇಡಿ. ಹೆಚ್ಚಿನ ಗಾಡಿಗಳಲ್ಲಿ ರೇಡಿಯೇಟರಿನ ತೊಟ್ಟಿಯೊಳಗೇ ಒಂದು ಸಣ್ಣ ಕೂಲರ್ ಇರುತ್ತದೆ. ಕೆಲವದರಲ್ಲಿ ಗೇರ್‌ಬಾಕ್ಸ್ ಪಕ್ಕದಲ್ಲೇ ಕೂಲೆಂಟ್ (ಎಂಜಿನ್ ತಣ್ಣಗಿಡುವ ದ್ರವ) ಹಾಯುವ ಸಣ್ಣ ಡಬ್ಬಿಯಂಥದ್ದು ಇರುತ್ತದೆ. ದಿನನಿತ್ಯದ ಓಡಾಟಕ್ಕೆ ಅದು ಸಾಕು. ಆದರೆ ಅದು ಎಣ್ಣೆಯನ್ನು ಕೂಲೆಂಟ್‌ಗಿಂತ ತಣ್ಣಗೆ ಮಾಡಲಾರದು. ಏಪ್ರಿಲ್ ಬಿಸಿಲಲ್ಲಿ ಎಸಿ ಹಾಕಿಕೊಂಡು ನಿಧಾನಕ್ಕೆ ಹತ್ತುತ್ತಿದ್ದರೆ ಕೂಲೆಂಟೇ 90 ಡಿಗ್ರಿ ದಾಟಿರುತ್ತದೆ.

ಈಗ ಮೀಟರ್ ವಿಷಯ. ಹೊಸದು ಕೊಳ್ಳುವ ಮೊದಲು ಸ್ಟೀರಿಂಗ್ ಕೆಳಗಿನ, ಗಾಡಿಯ ಕಂಪ್ಯೂಟರ್ ಲೆಕ್ಕಗಳನ್ನು ಓದಲು ಇಟ್ಟಿರುವ ಒಬಿಡಿ ಸಾಕೆಟ್‌ಗೆ ಒಂದು ಬ್ಲೂಟೂತ್ ಡಾಂಗಲ್ ಹಾಕಿ ನೋಡಿ. ನಿಮ್ಮ ಗಾಡಿಯಲ್ಲಿ ವಾರ್ನಿಂಗ್ ಲೈಟ್ ಬಂತು ಅಂದರೆ ಒಳಗೆ ಸೆನ್ಸರ್ ಇದ್ದೇ ಇದೆ ಅಲ್ವಾ? ಆ ಲೆಕ್ಕ ಎಷ್ಟೋ ಗಾಡಿಗಳಲ್ಲಿ ಮೊಬೈಲ್ ಆ್ಯಪಿನಲ್ಲಿ ಡಿಗ್ರಿ ಸಮೇತ ಬರುತ್ತದೆ. ಬಂದರೆ ಸದ್ಯಕ್ಕೆ ಅಷ್ಟು ಸಾಕು, ಎಲ್ಲೂ ತೂತು ಕೊರೆಯುವ ಗೋಜಿಲ್ಲ. ಬರದಿದ್ದರೆ, ಅಥವಾ ಬಂಡೆ ಮೇಲೆ ಕುಲುಕುವಾಗ ಮೊಬೈಲ್ ನೋಡುವುದು ಕಷ್ಟ ಅನ್ನಿಸಿದರೆ, ಮುಳ್ಳಿರುವ ಮೀಟರನ್ನೇ ಹಾಕಿಸಿ. ನನ್ನ ಕೇಳಿದರೆ ಆಫ್ ರೋಡ್ ಗಾಡಿಗೆ ಮುಳ್ಳಿನ ಮೀಟರೇ ಸರಿ. ಒಂದು ಕಣ್ಣೋಟಕ್ಕೆ ತಿಳಿಯುತ್ತದೆ.

ಸೆನ್ಸರ್ ಎಲ್ಲಿ ಕೂರಿಸಬೇಕು ಅನ್ನೋದರಲ್ಲೇ ಎಲ್ಲರೂ ಎಡವುವುದು. ಮೂರು ಜಾಗಗಳಿವೆ. ಗೇರ್‌ಬಾಕ್ಸಿನಿಂದ ಕೂಲರ್ ಕಡೆ ಹೊರಡುವ ಪೈಪಿನಲ್ಲಿ ಹಾಕಿದರೆ ಕನ್ವರ್ಟರಿನಿಂದ ಆಗಷ್ಟೇ ಬಂದ ಕುದಿಯುವಂಥ ಎಣ್ಣೆಯ ಬಿಸಿ ತೋರಿಸುತ್ತದೆ. ಮುಳ್ಳು ಸರ್ರನೆ ಏರಿ ಸರ್ರನೆ ಇಳಿಯುತ್ತದೆ, ನೋಡಿದವರು ಗಾಬರಿಯಾಗುತ್ತಾರೆ. ಕೂಲರಿನಿಂದ ವಾಪಸ್ ಬರುವ ಪೈಪಿನಲ್ಲಿ ಹಾಕಿದರೆ ಎಲ್ಲ ಚೆನ್ನಾಗಿದೆ ಅಂತ ತೋರಿಸುತ್ತದೆ, ಅದು ಸುಳ್ಳು ಧೈರ್ಯ. ಗೇರ್‌ಬಾಕ್ಸ್ ಕೆಳಗೆ ಎಣ್ಣೆ ನಿಲ್ಲುವ ತೊಟ್ಟಿಯಲ್ಲಿ, ಅಂದರೆ ಚೇಂಬರಿನಲ್ಲಿ ಹಾಕಿದರೆ, ಗೇರ್ ಹಿಡಿಯುವ ಒಳಗಿನ ಕ್ಲಚ್ ಪ್ಲೇಟುಗಳಿಗೂ ಅವುಗಳಿಗೆ ಎಣ್ಣೆ ಹಂಚುವ ವಾಲ್ವ್ ಬಾಡಿಗೂ ನಿಜವಾಗಿ ಸಿಗುತ್ತಿರುವ ಎಣ್ಣೆಯ ಬಿಸಿ ಸಿಗುತ್ತದೆ. ನಿಮಗೆ ಇದೇ ಬೇಕು. ಕೆಳಗೆ ಹೇಳುವ ಲೆಕ್ಕಗಳೆಲ್ಲ ಚೇಂಬರ್ ಬಿಸಿಗೇ ಸಂಬಂಧಿಸಿದ್ದು.

ಚೇಂಬರಿಗೆ ಸೆನ್ಸರ್ ಹಾಕಲು ಅದನ್ನು ಬಿಚ್ಚಿ ತೊಳೆದು, ಹೊರಗಡೆ ಲೇತಿನಲ್ಲಿ ಮಾಡಿಸಿದ ಥ್ರೆಡ್ ಇರುವ ಬುಷ್ ವೆಲ್ಡ್ ಮಾಡಿಸಬೇಕು. ಗಾಡಿಯಲ್ಲೇ ಇಟ್ಟು ಡ್ರಿಲ್ ಹೊಡೆಯಲು ಯಾರಿಗೂ ಬಿಡಬೇಡಿ, ಲೋಹದ ಚೂರು ಒಳಗೆ ಬಿದ್ದರೆ ಗೇರ್‌ಬಾಕ್ಸ್ ಕಥೆ ಮುಗಿಯಿತು. ಗೇರ್‌ಬಾಕ್ಸ್ ಮೈಗಂತೂ ಕೈ ಹಚ್ಚುವುದೇ ಬೇಡ. ವೆಲ್ಡ್ ಮಾಡುವ ಮೊದಲು ಸೆನ್ಸರಿನ ತುದಿ ಒಳಗೆ ಎಷ್ಟು ಉದ್ದ ಬರುತ್ತೆ, ಫಿಲ್ಟರಿಗೆ ತಗುಲುತ್ತಾ ಅಂತ ಅಳತೆ ಹಿಡಿದು ನೋಡಬೇಕು. ಬುಷ್ ಆದಷ್ಟು ಪಕ್ಕದ ಗೋಡೆಯಲ್ಲಿರಲಿ, ತಳದಲ್ಲಿದ್ದರೆ ಮೊದಲ ಬಂಡೆಗೇ ಕಿತ್ತುಹೋಗುತ್ತದೆ. ಒಂದೇ ತಂತಿಯ ಸೆನ್ಸರ್ ಆದರೆ ಅದಕ್ಕೆ ಅರ್ತಿಂಗ್ ಸಿಗುವುದು ಆ ಥ್ರೆಡ್ಡಿನ ಮೂಲಕವೇ. ಟೆಫ್ಲಾನ್ ಟೇಪ್ ಸುತ್ತಿ ಸುತ್ತಿ ಹಾಕಿದರೆ ಮೀಟರ್ ತಪ್ಪು ತೋರಿಸುತ್ತದೆ. ನಿಮ್ಮ ಚೇಂಬರ್ ಪ್ಲಾಸ್ಟಿಕ್ಕಿನದಾದರೆ ವೆಲ್ಡಿಂಗ್ ಮಾತೇ ಇಲ್ಲ, ಆಗ ಹೊರಡುವ ಪೈಪಿನಲ್ಲಿ ಹಾಕಿಸಿ, ಏರಿಳಿತ ಜಾಸ್ತಿ ಇರುತ್ತೆ ಅಂತ ತಿಳಿದುಕೊಂಡು ಓದಿ.

ಚೇಂಬರ್ ಬಿಚ್ಚಿದಾಗ ನೀವೇ ಪಕ್ಕದಲ್ಲಿ ನಿಂತು ಒಳಗೆ ನೋಡಿ. ತಳದಲ್ಲಿ ಒಂದೆರಡು ಸಣ್ಣ ಮ್ಯಾಗ್ನೆಟ್ ಇರುತ್ತವೆ. ಅವುಗಳ ಮೇಲೆ ಬೂದುಬಣ್ಣದ, ಬೆರಳಲ್ಲಿ ಉಜ್ಜಿದರೆ ಕಾಡಿಗೆಯಷ್ಟು ನುಣ್ಣಗಿರುವ ಕೆಸರು ಕೂತಿದ್ದರೆ ಅದು ಮಾಮೂಲಿ ಸವೆತ. ಬೆರಳಿಗೆ ಚುಚ್ಚುವ ಹೊಳೆಯುವ ಚೂರುಗಳಿದ್ದರೆ ಕೂಲರ್ ವಿಚಾರ ಪಕ್ಕಕ್ಕಿಟ್ಟು ಮೊದಲು ಗೇರ್‌ಬಾಕ್ಸ್ ತೋರಿಸಿ. ಒಂದು ಹನಿ ಎಣ್ಣೆಯನ್ನು ಬಿಳಿ ಕಾಗದದ ಮೇಲೆ ಬಿಟ್ಟು ನೋಡಿ. ಹೊಸ ಎಣ್ಣೆ ಸಾಮಾನ್ಯವಾಗಿ ಕೆಂಪಗಿರುತ್ತದೆ. ಓಡಿದ ಮೇಲೆ ಬಣ್ಣ ಗಾಢವಾಗುವುದು ಸಹಜ, ಆದರೆ ಕಂದುಬಣ್ಣಕ್ಕೆ ತಿರುಗಿ ಸುಟ್ಟ ವಾಸನೆ ಹೊಡೆದರೆ ಆ ಎಣ್ಣೆ ಕೆಟ್ಟಿದೆ ಅಂತಲೇ ಅರ್ಥ. ನಿಮ್ಮದು ಒಂದು ಸಲ ಲೈಟ್ ಬಂದ ಗಾಡಿ, ಎಣ್ಣೆ ಮತ್ತು ಫಿಲ್ಟರ್ ಎರಡನ್ನೂ ಈಗಲೇ ಬದಲಾಯಿಸಿಬಿಡಿ.

ಇನ್ನು ಡಿಗ್ರಿ ಲೆಕ್ಕ. ಸುಮಾರು 80ರಿಂದ 95 ಡಿಗ್ರಿ ಸೆಲ್ಸಿಯಸ್ ಒಳಗೆ ಓಡುತ್ತಿದ್ದರೆ ನಿಶ್ಚಿಂತೆ. ಘಾಟಿಯಲ್ಲಿ, ಮರಳಲ್ಲಿ ಸ್ವಲ್ಪ ಹೊತ್ತು 105, 110ಕ್ಕೆ ಹೋಗಿ ಇಳಿದರೂ ಪರವಾಗಿಲ್ಲ. 115 ದಾಟಿ ಅಲ್ಲೇ ನಿಂತರೆ ಗಾಡಿ ನಿಲ್ಲಿಸಬೇಕು, ಆ ಬಿಸಿಯಿಂದಲೇ ಎಣ್ಣೆ ಒಡೆದು ಒಳಗೆಲ್ಲ ಅಂಟು ಪದರ ಕೂರಲು ಶುರುವಾಗುತ್ತದೆ. 125ರಿಂದ 130ರ ಮೇಲೆ ರಬ್ಬರ್ ಸೀಲುಗಳು ಗಟ್ಟಿಯಾಗುತ್ತವೆ. 145 ಮುಟ್ಟಿದರೆ ಕ್ಲಚ್ ಪ್ಲೇಟುಗಳು ಜಾರತೊಡಗುತ್ತವೆ, ಜಾರಿದಷ್ಟೂ ಇನ್ನಷ್ಟು ಬಿಸಿ. ಮೆಕ್ಯಾನಿಕ್‌ಗಳ ರೂಢಿ ಲೆಕ್ಕ ಒಂದಿದೆ: 80 ಡಿಗ್ರಿ ಮೇಲೆ ಪ್ರತಿ 10, 11 ಡಿಗ್ರಿಗೆ ಎಣ್ಣೆಯ ಆಯಸ್ಸು ಅರ್ಧಕ್ಕೆ ಇಳಿಯುತ್ತದೆ. ಇಂದಿನ ಸಿಂಥೆಟಿಕ್ ಎಣ್ಣೆಗಳು ಇದಕ್ಕಿಂತ ಸ್ವಲ್ಪ ಜಾಸ್ತಿ ತಡೆದುಕೊಳ್ಳುತ್ತವೆ, ಆದರೆ ದಾರಿ ಅದೇ.

ಮೀಟರ್ ಹಾಕಿಸಿ ನಿಮ್ಮ ಮಾಮೂಲಿ ದಾರಿಗಳಲ್ಲಿ ಓಡಿಸಿ ನೋಡಿ. ಆಮೇಲೂ ಪದೇ ಪದೇ 110 ದಾಟುತ್ತಿದ್ದರೆ ಕೂಲರ್ ಹಾಕಿಸಿ.

ಕೂಲರಿನಲ್ಲಿ ಮಡಚಿದ ಪೈಪಿಗೆ ತಗಡು ರೆಕ್ಕೆ ಕೂರಿಸಿದ್ದು ಒಂದು ಜಾತಿ, ಪ್ಲೇಟುಗಳನ್ನು ಒಂದರ ಮೇಲೊಂದು ಜೋಡಿಸಿದ್ದು ಇನ್ನೊಂದು. ಎರಡನೆಯದನ್ನೇ ತಗೊಳ್ಳಿ. ಅದೇ ಅಳತೆಯ ಜಾಗದಲ್ಲಿ ಜಾಸ್ತಿ ಬಿಸಿ ಎಳೆಯುತ್ತದೆ, ಎಣ್ಣೆ ತಣ್ಣಗೆ ದಪ್ಪಗಿರುವಾಗ ಸುಲಭವಾಗಿ ಹಾಯಲು ದಾರಿಯನ್ನೂ ಬಿಡುತ್ತದೆ. ಗಾಡಿಯ ಒಟ್ಟು ತೂಕಕ್ಕೆ ತಕ್ಕ ಅಳತೆ ಪ್ಯಾಕೆಟ್ ಮೇಲೆ ಬರೆದಿರುತ್ತದೆ. ತೋಟದ ಲೋಡ್ ಸೇರಿಸಿ ಲೆಕ್ಕ ಹಾಕಿ.

ಸಾಲು ಹೀಗಿರಲಿ: ಗೇರ್‌ಬಾಕ್ಸಿನಿಂದ ಬಿಸಿ ಎಣ್ಣೆ ಮೊದಲು ಕಂಪನಿಯ ಕೂಲರಿಗೆ, ಅಲ್ಲಿಂದ ಹೊಸ ಕೂಲರಿಗೆ, ಅಲ್ಲಿಂದ ವಾಪಸ್ ಗೇರ್‌ಬಾಕ್ಸಿಗೆ. ಹೀಗಿದ್ದರೆ ಬೆಳಿಗ್ಗೆ ಗಾಡಿ ತಣ್ಣಗಿದ್ದಾಗ ಕೂಲೆಂಟ್ ಎಣ್ಣೆಯನ್ನು ಬೇಗ ಬೆಚ್ಚಗೆ ಮಾಡುತ್ತದೆ, ಬಿಸಿಯಾದಾಗ ಕೊನೆಯ ಕೆಲಸ ಹೊಸ ಕೂಲರ್ ಮಾಡುತ್ತದೆ. ಯಾವ ಪೈಪ್ ಹೋಗುವುದು, ಯಾವುದು ಬರುವುದು ಅಂತ ಸರ್ವೀಸ್ ಮ್ಯಾನುಯಲ್ ನೋಡಿ ಖಾತ್ರಿ ಮಾಡಿಕೊಂಡೇ ಕತ್ತರಿಸಬೇಕು. ಗೇರ್‌ಬಾಕ್ಸ್ ಪಕ್ಕದಲ್ಲೇ ಡಬ್ಬಿ ಕೂಲರ್ ಇರುವ ಗಾಡಿಗೆ ಬೇರೆ ಅಡಾಪ್ಟರ್ ಬೇಕಾಗುತ್ತದೆ, ಅದು ಸಿಗುತ್ತಾ ಅಂತ ಮೊದಲೇ ವಿಚಾರಿಸಿ.

ಕೂಲರಿನ ಜಾಗ ಎಸಿ ಕಂಡೆನ್ಸರ್ (ರೇಡಿಯೇಟರ್ ಮುಂದಿರುವ ಎಸಿಯ ಜಾಲರಿ) ಮುಂದೆ, ಗ್ರಿಲ್ ಹಿಂದೆ. ಕಂಡೆನ್ಸರಿನ ರೆಕ್ಕೆಗಳ ನಡುವೆ ಪ್ಲಾಸ್ಟಿಕ್ ಕಡ್ಡಿ ತೂರಿಸಿ ಬಿಗಿಯುವ ಕಿಟ್ಟುಗಳು ಬರುತ್ತವೆ, ಅವು ಬೇಡವೇ ಬೇಡ. ಕಲ್ಲುದಾರಿಯ ಕುಲುಕಾಟಕ್ಕೆ ಆ ಕಡ್ಡಿಗಳು ಕಂಡೆನ್ಸರನ್ನೇ ತೂತು ಮಾಡುತ್ತವೆ. ಪಟ್ಟಿ ಕಬ್ಬಿಣದ ಬ್ರಾಕೆಟ್ ಮಾಡಿಸಿ ಗಾಡಿಯ ಚೌಕಟ್ಟಿಗೇ ರಬ್ಬರ್ ವಾಷರ್ ಇಟ್ಟು ಬೋಲ್ಟ್ ಹಾಕಿಸಿ. ಮುಂದೆ ಬುಲ್ ಬಾರ್ (ಬಂಪರಿಗೆ ಹಾಕಿಸುವ ಕಬ್ಬಿಣದ ಕಂಬಿ) ಇದ್ದರೆ ತೆಗೆಸಿ. ಗಾಳಿಗೆ ಅಡ್ಡ ಅನ್ನೋದು ಒಂದು ಕಡೆ, ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲೇ ಅದು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್‌ಗೆ ವಿರುದ್ಧ ಅಂತ ರಾಜ್ಯಗಳಿಗೆ ಬರೆದಿದೆ.

ಹೋಸ್ ಪೈಪಿನಲ್ಲಿ ಮಾತ್ರ ಒಂದು ರೂಪಾಯಿಯನ್ನೂ ಉಳಿಸಲು ನೋಡಬೇಡಿ. ಡೀಸೆಲ್ ಪೈಪ್, ನೀರಿನ ಪೈಪ್ ಹಾಕಿ ಕಳಿಸುವವರಿದ್ದಾರೆ. ಅವು ಬಿಸಿ ಎಣ್ಣೆಗೆ ಉಬ್ಬಿ, ಬಿರಿದು, ಒಂದು ದಿನ ಕಿತ್ತುಬರುತ್ತವೆ. ಪಂಪ್ ಅಷ್ಟೂ ಎಣ್ಣೆಯನ್ನು ನೋಡನೋಡುತ್ತಿದ್ದಂತೆ ರಸ್ತೆಗೆ ಸುರಿಯುತ್ತದೆ, ಬಿಸಿ ಸೈಲೆನ್ಸರ್ ಪೈಪಿನ ಮೇಲೆ ಬಿದ್ದರೆ ಬೆಂಕಿಯೂ ಹತ್ತಬಹುದು. ಟ್ರಾನ್ಸ್‌ಮಿಷನ್ ಆಯಿಲ್ ಕೂಲರಿಗೆ ಅಂತಲೇ ಮಾಡಿದ ಹೋಸ್ ಬೇಕು, ಮೇಲೆ ಎಸ್‌ಎಇ ಜೆ1532 ಅಂತ ಅಚ್ಚಾಗಿರುತ್ತದೆ. ಕಬ್ಬಿಣದ ಪೈಪ್ ಕತ್ತರಿಸಿದ ತುದಿಯನ್ನು ಹಾಗೇ ಬಿಡದೆ ಉಬ್ಬು ಮಾಡಿಸಿ, ಅದರ ಹಿಂದೆ ಕ್ಲಾಂಪ್ ಕೂರಬೇಕು. ಚಾಸಿ ಅಂಚಿಗೆ ಉಜ್ಜುವ ಕಡೆ ಇನ್ನೊಂದು ರಬ್ಬರ್ ತೋಳು ಹಾಕಿಸಿ. ಮೊದಲ ಓಡಾಟ ಮುಗಿದ ಮೇಲೆ ಕ್ಲಾಂಪುಗಳನ್ನು ಇನ್ನೊಮ್ಮೆ ಬಿಗಿಸಿ.

ಫ್ಯಾನ್ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಲೇಬೇಕು. ನಡೆಯುವ ವೇಗದಲ್ಲಿ ಬಂಡೆ ಹತ್ತುವಾಗ ಮುಂದಿನಿಂದ ಗಾಳಿಯೇ ಬರಲ್ಲ. ಎಂಜಿನ್ ಫ್ಯಾನ್ ಎಳೆದಷ್ಟೇ. ಜಾಗವಿದ್ದರೆ ಕೂಲರಿಗೇ ಒಂದು ಸಣ್ಣ ಎಲೆಕ್ಟ್ರಿಕ್ ಫ್ಯಾನ್ ಕಟ್ಟಿಸಿ, 80 ಡಿಗ್ರಿ ಆಸುಪಾಸಿನಲ್ಲಿ ತಾನಾಗೇ ಆನ್ ಆಗುವ ಸ್ವಿಚ್ ಜೊತೆಗೆ. ವೈರಿಂಗ್ ರಿಲೇ ಮತ್ತು ಫ್ಯೂಸ್ ಮೂಲಕವೇ ಹೋಗಲಿ.

ಕೊನೆಗೆ ಎಣ್ಣೆ ಮಟ್ಟ. ಹೊಸ ಕೂಲರ್, ಪೈಪ್ ಒಳಗೆ ಎಣ್ಣೆ ತುಂಬಿಕೊಂಡಷ್ಟು ಒಟ್ಟು ಮಟ್ಟ ಇಳಿಯುತ್ತದೆ. ಇತ್ತೀಚಿನ ಬಹಳ ಗಾಡಿಗಳಲ್ಲಿ ಅಳತೆ ಕಡ್ಡಿ ಇಲ್ಲ. ಎಂಜಿನ್ ಓಡುತ್ತಿರುವಾಗಲೇ, ಎಣ್ಣೆ ಕಂಪನಿ ಹೇಳಿದಷ್ಟೇ ಬೆಚ್ಚಗಿರುವಾಗ, ಓವರ್‌ಫ್ಲೋ ಪ್ಲಗ್ ಬಿಚ್ಚಿ ನೋಡಬೇಕು. ಎಣ್ಣೆ ಮ್ಯಾನುಯಲ್‌ನಲ್ಲಿ ಹೇಳಿದ್ದೇ ಆಗಬೇಕು. ಎಲ್ಲ ಕೆಂಪು ಎಣ್ಣೆಯೂ ಒಂದೇ ಅಲ್ಲ.

ಊರ ಗ್ಯಾರೇಜಿನಲ್ಲಿ ಆಗುತ್ತಾ ಅಂತ ಕೇಳಿದ್ದೀರಿ. ಬ್ರಾಕೆಟ್, ವೆಲ್ಡಿಂಗ್, ಲೇತ್ ಕೆಲಸವನ್ನು ನಮ್ಮ ಕಡೆಯವರು ಬಹಳ ಚೆನ್ನಾಗಿ ಮಾಡುತ್ತಾರೆ, ಟ್ರ್ಯಾಕ್ಟರ್, ಬೋರ್‌ವೆಲ್ ಲಾರಿಗಳಲ್ಲಿ ಪಳಗಿದ ಕೈಗಳವು. ಎಣ್ಣೆ ಮಟ್ಟ ಹಿಡಿಯುವುದನ್ನು ಮಾತ್ರ ಆಟೋಮ್ಯಾಟಿಕ್ ಗೊತ್ತಿರುವವರ ಹತ್ತಿರವೇ ಮಾಡಿಸಿ. ವಾರಂಟಿ ಇನ್ನೂ ಇದ್ದರೆ ಪೈಪಿಗೆ ಕೈ ಹಾಕುವ ಮುಂಚೆ ಶೋರೂಮಿನವರಿಂದ ಬರಹದಲ್ಲಿ ಉತ್ತರ ತಗೊಳ್ಳಿ.

ಮತ್ತೆ, ಇದೆಲ್ಲಕ್ಕಿಂತ ಮೊದಲು ಖರ್ಚಿಲ್ಲದ ಕೆಲಸ ಒಂದಿದೆ. ಬಂಡೆ, ಮರಳು ಶುರುವಾಗುವ ಮೊದಲೇ ಫೋರ್ ಲೋಗೆ, ಅಂದರೆ ಫೋರ್ ವೀಲ್ ಡ್ರೈವಿನ ನಿಧಾನ ಗೇರಿಗೆ ಹಾಕಿ. ಫೋರ್ ಹೈನಲ್ಲಿ ಕಷ್ಟಪಟ್ಟು ಹತ್ತುವ ಏರನ್ನೇ ಲೋನಲ್ಲಿ ಹತ್ತಿದರೆ ಕನ್ವರ್ಟರ್ ಮೇಲಿನ ಭಾರ ಅರ್ಧಕ್ಕಿಂತ ಕಡಿಮೆಯಾಗುತ್ತದೆ. ಮರಳಲ್ಲಿ ಟೈರ್ ಗಾಳಿ ಇಳಿಸಿ. ಚಕ್ರ ಸುಮ್ನೆ ತಿರುಗುತ್ತಿದ್ದರೆ ಆಕ್ಸಿಲರೇಟರ್ ಬಿಟ್ಟು ಸನಿಕೆ ಹಿಡಿಯಿರಿ. ಇಷ್ಟು ಮಾಡಿದರೆ ನಿಮ್ಮ ಮುಳ್ಳು ಎಷ್ಟು ಇಳಿಯುತ್ತೆ ಅಂತ ಮೀಟರೇ ಹೇಳುತ್ತದೆ.

ಪ್ರಶ್ನೆ: ನಮ್ಮದು ಟೊಮ್ಯಾಟೊ ಸಾಗಿಸುವ ಮ್ಯಾನುಯಲ್ ಗೇರ್ ಪಿಕಪ್. ತೋಟದಿಂದ ಕೋಲಾರದ ಎಪಿಎಂಸಿಗೆ ದಿನಾ ಲೋಡ್. ಇದಕ್ಕೂ ಕೂಲರ್ ಬೇಕಾ?
ಓದುಗರು, ಶ್ರೀನಿವಾಸಪುರ

ಉತ್ತರ: ಬೇಡ. ಮ್ಯಾನುಯಲ್‌ನಲ್ಲಿ ಟಾರ್ಕ್ ಕನ್ವರ್ಟರ್ ಇಲ್ಲ, ಆ ಬಿಸಿಯೂ ಇಲ್ಲ. ಯಾರಾದರೂ ಹಾಕಿಸಿ ಅಂದರೆ ನಯವಾಗಿ ಬೇಡ ಅನ್ನಿ. ಆ ದುಡ್ಡಲ್ಲಿ ಗೇರ್ ಎಣ್ಣೆ, ಹಿಂದಿನ ಡಿಫ್ರೆನ್ಷಿಯಲ್ ಎಣ್ಣೆ ಹೊತ್ತಿಗೆ ಸರಿಯಾಗಿ ಬದಲಾಯಿಸಿ. ಮಳೆಗಾಲದಲ್ಲಿ ಆಕ್ಸಲ್ ಮುಳುಗುವಷ್ಟು ನೀರಲ್ಲಿ ಹೋಗಿದ್ದರೆ ಒಮ್ಮೆ ಪ್ಲಗ್ ಬಿಚ್ಚಿ ನೋಡಿ, ಎಣ್ಣೆ ಬೆಳ್ಳಗಾಗಿದ್ದರೆ ನೀರು ಸೇರಿದೆ. ಏರಿನಲ್ಲಿ ಲೋಡ್ ಗಾಡಿಯನ್ನು ಹಾಫ್ ಕ್ಲಚ್ಚಲ್ಲಿ ನಿಲ್ಲಿಸುವ ಅಭ್ಯಾಸವಿದ್ದರೆ ಇಂದೇ ಬಿಡಿ.

ಪ್ರಶ್ನೆ: ಹಳೆಯ ಆಟೋಮ್ಯಾಟಿಕ್ ಎಸ್‌ಯುವಿ ಕೊಂಡಿದ್ದೇನೆ. ಕೂಲೆಂಟ್ ಡಬ್ಬಿಯ ಮುಚ್ಚಳ ತೆಗೆದರೆ ರೋಸ್ ಮಿಲ್ಕ್ ಥರದ ನೊರೆ ಇದೆ. ಗೇರ್ ಬೀಳುವಾಗ ಗಾಡಿ ನಡುಗುತ್ತೆ. ಕೂಲರ್ ಹಾಕಿಸಿದರೆ ಸರಿಹೋಗುತ್ತಾ?
ಓದುಗರು, ಶಿರಾ

ಉತ್ತರ: ಗಾಡಿ ಓಡಿಸುವುದನ್ನು ಈಗಲೇ ನಿಲ್ಲಿಸಿ. ಬಹುಮಟ್ಟಿಗೆ ರೇಡಿಯೇಟರ್ ಒಳಗಿನ ಎಣ್ಣೆ ಕೂಲರ್ ಒಡೆದಿದೆ. ಎಂಜಿನ್ ಓಡುವಾಗ ಎಣ್ಣೆ ಕೂಲೆಂಟಿಗೆ ನುಗ್ಗುತ್ತದೆ, ಆಫ್ ಮಾಡಿದ ಮೇಲೆ ಬಿಸಿ ಕೂಲೆಂಟಿನ ಒತ್ತಡ ನೀರನ್ನು ಗೇರ್‌ಬಾಕ್ಸಿಗೆ ತಳ್ಳುತ್ತದೆ. ಕ್ಲಚ್ ಪ್ಲೇಟಿನ ಮೇಲಿನ ಪದರವನ್ನು ಹಿಡಿದಿರುವ ಅಂಟು ಈ ನೀರಿಗೆ ಬಿಟ್ಟುಕೊಳ್ಳುತ್ತದೆ, ನಡುಕ ಅದರದ್ದೇ ಇರಬಹುದು. ರೇಡಿಯೇಟರ್ ಹೊಸದೇ ಹಾಕಿಸಬೇಕು, ಬೆಸುಗೆ ಹಾಕಿಸಿ ದಿನ ದೂಡಬೇಡಿ. ಗೇರ್‌ಬಾಕ್ಸ್ ಎಣ್ಣೆಯನ್ನು ಕನ್ವರ್ಟರ್ ಸಮೇತ ಪೂರ್ತಿ ತೊಳೆಯಬೇಕು. ಆಮೇಲೂ ನಡುಗಿದರೆ ಗೇರ್‌ಬಾಕ್ಸ್ ಬಿಚ್ಚದೆ ದಾರಿಯಿಲ್ಲ, ಮಾರಿದವರ ಹತ್ತಿರ ಈಗಲೇ ಮಾತಾಡಿ. ಮುಂದೆ ಹೀಗಾಗಬಾರದು ಅಂದರೆ ರೇಡಿಯೇಟರ್ ಕೂಲರನ್ನು ಬಿಟ್ಟು, ಹೊರಗಿನ ದೊಡ್ಡ ಪ್ಲೇಟ್ ಕೂಲರ್ ಒಂದನ್ನೇ ಹಾಕಿಸುವವರೂ ಇದ್ದಾರೆ. ಜೊತೆಗೆ ಎಣ್ಣೆ ತಣ್ಣಗಿರುವಾಗ ಅದನ್ನು ಕೂಲರಿಗೆ ಬಿಡದ ಥರ್ಮೋಸ್ಟಾಟ್ ಇರಬೇಕು, ಎಣ್ಣೆ ಬೆಚ್ಚಗಾಗುವ ತನಕ ಲಾಕ್-ಅಪ್ ಕೂರದ ಗಾಡಿಗಳಿವೆ. ನಮ್ಮ ತುಮಕೂರು ಕಡೆಯ ಚಳಿಗೆ ಅದು ನಡೆಯುತ್ತದೆ.

ಪ್ರಶ್ನೆ: ಆ್ಯಪಿನಲ್ಲಿ ನೋಡಿದರೆ ಹೆದ್ದಾರಿಯಲ್ಲಿ 90, ದೇವರಾಯನದುರ್ಗ ಹತ್ತುವಾಗ 106 ತೋರಿಸುತ್ತೆ. ಹೆದರಬೇಕಾ? ಅಕಸ್ಮಾತ್ ಜಾಸ್ತಿ ಬಿಸಿಯಾದರೆ ತಕ್ಷಣ ಎಂಜಿನ್ ಆಫ್ ಮಾಡಬೇಕಾ?
ಓದುಗರು, ತುಮಕೂರು

ಉತ್ತರ: ಹೆದರಬೇಡಿ. 106 ಏನೂ ಅಲ್ಲ, ಮೇಲೆ ತಲುಪಿದ ಮೇಲೆ ಎಷ್ಟು ಬೇಗ ಇಳಿಯುತ್ತೆ ನೋಡಿ. ಹತ್ತು ನಿಮಿಷದೊಳಗೆ 95ರ ಹತ್ತಿರ ಬಂದರೆ ಕಂಪನಿಯ ಕೂಲರ್ ಚೆನ್ನಾಗಿದೆ. ಹತ್ತುವಾಗ ಗೇರ್ ಮೇಲೆ ಕೆಳಗೆ ತಡಕಾಡುತ್ತಿದ್ದರೆ ಮ್ಯಾನುಯಲ್ ಮೋಡಿಗೆ ಹಾಕಿ ಎರಡನೇ ಗೇರಿನಲ್ಲೇ ಹಿಡಿಯಿರಿ.

ಎಂಜಿನ್ ಆಫ್ ಮಾಡಬಾರದು. ಎಣ್ಣೆಯನ್ನು ಕೂಲರಿಗೆ ತಳ್ಳುವ ಪಂಪ್ ತಿರುಗುವುದು ಎಂಜಿನ್ ಇಂದಲೇ. ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು ಪಾರ್ಕಿಗೆ ಹಾಕಿ, ಎಸಿ ಆಫ್ ಮಾಡಿ, ಆಕ್ಸಿಲರೇಟರ್ ಸ್ವಲ್ಪ ಒತ್ತಿ 1,200 ಆರ್‌ಪಿಎಂ ಹತ್ತಿರ ಓಡಲು ಬಿಡಿ. ಕೆಳಗೆ ಎಣ್ಣೆ ಸುರಿಯುತ್ತಿದ್ದರೆ ಮಾತ್ರ ಕೂಡಲೇ ಆಫ್ ಮಾಡಿ. ಆಮೇಲೆ ಹಗ್ಗ ಕಟ್ಟಿ ಎಳೆಸಬೇಡಿ, ನಾಲ್ಕೂ ಚಕ್ರ ಮೇಲೇರುವಂಥ ಫ್ಲಾಟ್‌ಬೆಡ್ ಲಾರಿ ಕರೆಸಿ.